ನಿದ್ರಾರೋಗಕ್ಕೆ ಗುಳಿಗೆ ಬಂದ ಮೇಲೆ

ರಾತ್ರಿ ನಿದ್ದೆ ಬರುವುದಿಲ್ಲ, ಹಗಲೆಲ್ಲ ತೂಕಡಿಕೆ. ಕೇಳಲು ಅಂಥ ದೊಡ್ಡ ಕಾಯಿಲೆ ಅನಿಸುವುದಿಲ್ಲ, ಅಲ್ವಾ? ಆದರೆ ಚಿಕಿತ್ಸೆ ಸಿಗದಿದ್ದರೆ ಆಫ್ರಿಕಾದ ನಿದ್ರಾರೋಗದಿಂದ ಉಳಿಯುವವರು ತೀರಾ ಕಡಿಮೆ. ತ್ಸೆತ್ಸೆ ನೊಣ ಕಚ್ಚಿದಾಗ ಟ್ರಿಪನೊಸೋಮ ಎಂಬ ಏಕಕೋಶ ಜೀವಿ ರಕ್ತ ಸೇರುತ್ತದೆ. ಮೊದಲು ಜ್ವರ, ತಲೆನೋವು. ಮಲೇರಿಯಾ ಇರಬೇಕು ಅಂದುಕೊಂಡು ಜನ ಸುಮ್ನಾಗುತ್ತಾರೆ. ಕಾಂಗೋ ಕಡೆಯ ಬಗೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾದು ಅದು ಮೆದುಳಿಗೆ ನುಗ್ಗುತ್ತದೆ.

ಆ ಹಂತಕ್ಕೆ ದಶಕಗಳ ಕಾಲ ಇದ್ದ ಮುಖ್ಯ ಮದ್ದು ಮೆಲಾರ್ಸೊಪ್ರೋಲ್. ಅದರಲ್ಲಿರುವುದು ಆರ್ಸೆನಿಕ್, ಅಂದರೆ ಪಾಷಾಣ! ನೂರಕ್ಕೆ ಸುಮಾರು 5 ರೋಗಿಗಳು ಮದ್ದಿನಿಂದಲೇ ಸಾಯುತ್ತಿದ್ದರು. ಅದಕ್ಕಿಂತ ಎಷ್ಟೋ ವಾಸಿಯಾದ ಎಫ್ಲಾರ್ನಿಥಿನ್ ಬಂತು. ಆದರೆ ಬೇಕಾದವರ ಹತ್ತಿರ ದುಡ್ಡಿರಲಿಲ್ಲ, 1990ರ ದಶಕದಲ್ಲಿ ತಯಾರಿಕೆಯೇ ನಿಂತಿತು. ಅದೇ ರಾಸಾಯನಿಕ ಆಮೇಲೆ ಅಮೆರಿಕದಲ್ಲಿ ಹೆಂಗಸರ ಮುಖದ ಕೂದಲು ಕಡಿಮೆ ಮಾಡುವ ಕ್ರೀಮಾಗಿ ಮಾರುಕಟ್ಟೆಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ರೋಗಿಗಳಿಗೆ ಮದ್ದು ಉಚಿತವಾಗಿ ಸಿಗತೊಡಗಿತು.

ಅಷ್ಟಾದರೂ ಅದು ಡ್ರಿಪ್‌ನಲ್ಲಿ ಕೊಡುವ ಮದ್ದು. ಕರೆಂಟಿಲ್ಲದ ಊರಿನಲ್ಲಿ ದಿನಗಟ್ಟಲೆ ಅದನ್ನು ಹಾಕುವವರು ಯಾರು? ಅದಕ್ಕೂ ಮುಂಚೆ, ರೋಗ ಯಾವ ಹಂತದಲ್ಲಿದೆ ಎಂದು ತಿಳಿಯಲು ಬೆನ್ನಿನ ಕೆಳಭಾಗಕ್ಕೆ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆಯಬೇಕಿತ್ತು. ಆ ಸೂಜಿಗೆ ಹೆದರಿಯೇ ಎಷ್ಟೋ ಜನ ತಪಾಸಣೆಯ ತಂಡದಿಂದ ದೂರ ಉಳಿಯುತ್ತಿದ್ದರು. ರೋಗಿ ಸಿಗದಿದ್ದರೆ ನಿಯಂತ್ರಣ ಹೇಗೆ? ಅದಕ್ಕೇ 2018ರಲ್ಲಿ ಒಪ್ಪಿಗೆ ಪಡೆದ ಫೆಕ್ಸಿನಿಡಜೋಲ್ ನನಗೆ ಬರೀ ಹೊಸ ಮದ್ದಾಗಿ ಕಾಣುವುದಿಲ್ಲ. ಇದು 10 ದಿನ ನುಂಗುವ ಗುಳಿಗೆ. ಹೆಚ್ಚಿನವರಿಗೆ ಬೆನ್ನಿಗೆ ಚುಚ್ಚುವ ಅಗತ್ಯವೂ ಇಲ್ಲ.

ನೊಣದ ಕಡೆಯಿಂದಲೂ ಕೆಲಸ ನಡೆದಿದೆ. ತ್ಸೆತ್ಸೆಗೆ ನೀಲಿ ಬಣ್ಣ ಇಷ್ಟ. ಕೀಟನಾಶಕ ಹಚ್ಚಿದ ಸಣ್ಣ ನೀಲಿ ಬಟ್ಟೆಗಳನ್ನು ನದಿ ದಂಡೆಯಲ್ಲಿ ನಿಲ್ಲಿಸುತ್ತಾರೆ. ಈ ನೊಣ ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ ಸಂಖ್ಯೆ ಬೇಗ ಕುಸಿಯುತ್ತದೆ.

1960ರ ದಶಕದಲ್ಲಿ ರೋಗ ಬಹುತೇಕ ಹಿಡಿತಕ್ಕೆ ಬಂದಿತ್ತು. ತಪಾಸಣೆ ಸಡಿಲವಾಯಿತು, ಯುದ್ಧಗಳು ನಡೆದವು. 1998ಕ್ಕೆ ವರದಿಯಾದ ಪ್ರಕರಣಗಳೇ ಸುಮಾರು 40,000. ಮತ್ತೆ ಪಟ್ಟು ಹಿಡಿದದ್ದರಿಂದ 2018ರಲ್ಲಿ ಅದು 1,000ಕ್ಕಿಂತ ಕೆಳಗಿಳಿಯಿತು. ಈಗಿನ ತೊಡಕೇ ಬೇರೆ: ರೋಗಿಗಳು ಕಡಿಮೆಯಾದಷ್ಟೂ ಒಬ್ಬೊಬ್ಬರನ್ನು ಹುಡುಕುವ ಖರ್ಚು ಜಾಸ್ತಿ. ಒಂದೇ ಸಲ ನುಂಗುವ ಅಕೊಜಿಬೊರೋಲ್ ಪ್ರಯೋಗದಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಅದು ಹಳ್ಳಿಗಳಿಗೆ ತಲುಪಿದರೆ, ಊರಿನ ಆರೋಗ್ಯ ಕೇಂದ್ರದಲ್ಲೇ ಒಂದು ಭೇಟಿಯಲ್ಲಿ ಚಿಕಿತ್ಸೆ ಮುಗಿಸಬಹುದು.