ಚೀನಾ: ಅಷ್ಟು ಜನವಿದ್ದೂ ಕುಶಲ ಕಾರ್ಮಿಕರ ಕೊರತೆ ಏಕೆ?

ದಕ್ಷಿಣ ಚೀನಾದ ಪರ್ಲ್ ನದಿ ಮುಖಜಭೂಮಿಯ ಕಾರ್ಖಾನೆಗಳು ಆಳು ಸಿಗುತ್ತಿಲ್ಲ ಎಂದು ದೂರತೊಡಗಿದ್ದು 2004ರಲ್ಲಿ. ದೇಶದ ಜನಸಂಖ್ಯೆ ಆಗ 130 ಕೋಟಿಯ ಹತ್ತಿರವಿತ್ತು. ದೂರನ್ನು ನಂಬುವುದೇ ಕಷ್ಟವಾಗಿತ್ತು.

ಇದರ ಮೂಲ 1970ರ ದಶಕದಲ್ಲಿದೆ. ಎಲ್ಲಕ್ಕೂ 1980ರ ಒಂದೇ ಮಗು ನೀತಿಯನ್ನು ದೂಷಿಸುವುದು ರೂಢಿ. ಆದರೆ ಆ ನೀತಿ ಬರುವ ಮೊದಲೇ, ಹತ್ತೇ ವರ್ಷಗಳಲ್ಲಿ, ಒಬ್ಬ ತಾಯಿಗೆ ಸರಾಸರಿ ಆರರ ಸಮೀಪವಿದ್ದ ಮಕ್ಕಳ ಸಂಖ್ಯೆ ಮೂರಕ್ಕಿಂತ ಕೆಳಗಿಳಿದಿತ್ತು. ಸಾಕಬೇಕಾದ ಮಕ್ಕಳು ಕಡಿಮೆ, ದುಡಿಯುವವರು ಹೆಚ್ಚು. ಮುಂದಿನ ಮೂರು ದಶಕಗಳ ಬೆಳವಣಿಗೆಗೆ ಇದು ದೊಡ್ಡ ಬಲ ಕೊಟ್ಟಿತು. 2012ರಲ್ಲಿ ಲೆಕ್ಕ ತಿರುಗಿತು: 15ರಿಂದ 59 ವಯಸ್ಸಿನವರು ಒಂದೇ ವರ್ಷದಲ್ಲಿ 34.5 ಲಕ್ಷ ಕಡಿಮೆಯಾದರು.

ಸಂಖ್ಯೆ ಕುಗ್ಗಿದರೆ ಕೌಶಲದಿಂದ ತುಂಬಿಕೊಳ್ಳಬಹುದಿತ್ತು. ಎಡವಿದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. 1999ರಲ್ಲಿ ಸರ್ಕಾರ ವಿಶ್ವವಿದ್ಯಾಲಯಗಳ ಬಾಗಿಲು ಅಗಲಿಸಿತು, ಪ್ರವೇಶ 10.8 ಲಕ್ಷದಿಂದ ಒಂದೇ ವರ್ಷಕ್ಕೆ 16 ಲಕ್ಷದ ಆಸುಪಾಸಿಗೇರಿತು. ಹಳ್ಳಿಯ ಪ್ರೌಢಶಿಕ್ಷಣಕ್ಕೆ, ಅಂದರೆ ಹತ್ತರಿಂದ ಹನ್ನೆರಡನೇ ತರಗತಿಯ ಓದಿಗೆ, ಅಂಥ ಭಾಗ್ಯ ಬರಲಿಲ್ಲ. ಕಡ್ಡಾಯ ಶಿಕ್ಷಣ ಒಂಬತ್ತೇ ವರ್ಷ. ಮುಂದಕ್ಕೆ ಶುಲ್ಕ ಕಟ್ಟಬೇಕು. ಜೊತೆಗೆ ‘ಹುಕೌ’ ಎಂಬ ನಿವಾಸ ನೋಂದಣಿ. ನಗರದಲ್ಲಿ ದುಡಿಯುವ ವಲಸಿಗರ ಮಕ್ಕಳಿಗೆ ಅಲ್ಲಿನ ಸರ್ಕಾರಿ ಶಾಲೆ ಸಿಗುವುದೇ ಕಷ್ಟ, ಕಾಲೇಜು ಪ್ರವೇಶ ಪರೀಕ್ಷೆಗೆ ಸಾಮಾನ್ಯವಾಗಿ ಹುಟ್ಟೂರಿಗೇ ಮರಳಬೇಕು. ಹೀಗಾಗಿ ಕೋಟ್ಯಂತರ ಮಕ್ಕಳು ಅಜ್ಜ ಅಜ್ಜಿಯರ ಜೊತೆ ಹಳ್ಳಿಯಲ್ಲೇ ಉಳಿದರು. ಅಪ್ಪ ಅಮ್ಮಂದಿರು ಕಟ್ಟಿದ ನಗರದ ಶಾಲೆ ಅವರ ಮಕ್ಕಳಿಗಿಲ್ಲದಿದ್ದದ್ದು ಅನ್ಯಾಯ; ನಷ್ಟವೂ ಹೌದು. 2010ರ ಜನಗಣತಿಯ ವೇಳೆಗೆ ದುಡಿಯುವ ವಯಸ್ಸಿನವರಲ್ಲಿ ಪ್ರೌಢಶಿಕ್ಷಣ ಪಡೆದವರು ಸುಮಾರು ಕಾಲು ಭಾಗ ಮಾತ್ರ. ಬಟ್ಟೆ ಹೊಲಿಯಲು ಒಂಬತ್ತು ವರ್ಷದ ಓದು ಸಾಕಿತ್ತು, ಗಣಕ ನಿಯಂತ್ರಿತ ಯಂತ್ರ ನಡೆಸಲು ಸಾಲದು.

ಇನ್ನೊಂದು ತುದಿಯಲ್ಲಿ, 2022ರಲ್ಲಿ ಕಾಲೇಜು ಮುಗಿಸಿದವರು ಒಂದು ಕೋಟಿ ದಾಟಿದರು. 2023ರ ಜೂನ್‌ನಲ್ಲಿ 16ರಿಂದ 24 ವಯಸ್ಸಿನ ನಗರವಾಸಿಗಳ ನಿರುದ್ಯೋಗ ಶೇ 21.3 ಮುಟ್ಟಿತು. ಪದವಿ ಪಡೆದವರು ಕಚೇರಿಯ ಕೆಲಸ ಹುಡುಕುತ್ತಿದ್ದರು, ಕಾರ್ಖಾನೆಗಳು ತಂತ್ರಜ್ಞರನ್ನು.

ತಿದ್ದುಪಡಿಗಳು ಶುರುವಾಗಿವೆ. ವೃತ್ತಿ ಶಿಕ್ಷಣಕ್ಕೆ ಸಾಮಾನ್ಯ ಶಿಕ್ಷಣದಷ್ಟೇ ಮಹತ್ವವಿದೆ ಎಂದು 2022ರ ಕಾನೂನು ಸಾರಿತು. 2025ರಿಂದ ನಿವೃತ್ತಿ ವಯಸ್ಸು ಹಂತಹಂತವಾಗಿ ಏರುತ್ತಿದೆ. ಗಂಡಸರಿಗೆ 60ರಿಂದ 63ಕ್ಕೆ. ಅನುಭವಸ್ಥರನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಲು ಇದು ನೆರವಾಗುತ್ತದೆ. ಹೊಸಬರ ಲೆಕ್ಕವಂತೂ ಆಗಲೇ ಬರೆದಾಗಿದೆ. 2016ರಲ್ಲಿ ಹುಟ್ಟಿದ ಸುಮಾರು 1.8 ಕೋಟಿ ಮಕ್ಕಳಿಗೆ 2034ರಲ್ಲಿ 18 ತುಂಬುತ್ತದೆ. 2023ರಲ್ಲಿ ಹುಟ್ಟಿದವರು 2041ರಲ್ಲಿ ಅದೇ ವಯಸ್ಸಿಗೆ ಬರುತ್ತಾರೆ; ಅವರು 90 ಲಕ್ಷ.