ಒಂದೇ ಕುರ್ತಾ ಪ್ಯಾಟರ್ನ್, ಬೇರೆ ಬೇರೆ ಕಾಲದ ವೇಷ

ನಾಟಕಕ್ಕೆ ರಾಜನ ವೇಷ ಬೇಕು ಅಂದ ಕೂಡಲೇ ನಾವೆಲ್ಲ ಹುಡುಕುವುದು ಜರಿ ಬಾರ್ಡರ್. ವೆಲ್ವೆಟ್ ಜುಬ್ಬಾ, ಮುತ್ತಿನ ಸರ, ಕಿರೀಟ, ಮುಗೀತು. ಹೀಗೆ ಹೊಲಿಸಿದರೆ ಕೃಷ್ಣದೇವರಾಯ, ಇಬ್ರಾಹಿಂ ಆದಿಲ್ ಶಾಹ, ಟಿಪ್ಪು ಮೂವರೂ ಒಂದೇ ಮದುವೆ ಮನೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ಜರಿ ಸರಿಯಾಗಿ ಕಾಣಿಸುವುದೂ ಇಲ್ಲ. ಅವರಿಗೆ ಕಾಣುವುದು ಆಕಾರ. ತೋಳು ಎಲ್ಲಿ ಸೇರಿದೆ, ಸೊಂಟದ ಗೆರೆ ಎಲ್ಲಿದೆ, ಕೆಳಗೆ ಘೇರ್ (ಅಂಚಿನ ಸುತ್ತಿನ ಅಗಲ) ಎಷ್ಟಿದೆ, ಉಡುಪು ಎಲ್ಲಿ ತೆರೆದುಕೊಳ್ಳುತ್ತದೆ. ಈ ನಾಲ್ಕನ್ನು ಬದಲಾಯಿಸಿದರೆ ಕೈಲಿರುವ ಸಾದಾ ಕುರ್ತಾ ಪ್ಯಾಟರ್ನಿನಿಂದಲೇ ತುಂಬಾ ಕೆಲಸ ಆಗುತ್ತದೆ.

ಕೆಳಗಿನ ಲೆಕ್ಕವೆಲ್ಲ ಇಂಚಿನಲ್ಲಿದೆ. ಎದೆ 40, ಉದ್ದ 45 ಅಂತ ಹಿಡಿದಿದ್ದೇನೆ. ಹೊಲಿಗೆ ಮಾರ್ಜಿನ್ (ಹೊಲಿಗೆಗೆಂದು ಬಿಡುವ ಬಟ್ಟೆ) ಪ್ರತಿ ಅಂಚಿಗೂ ಅರ್ಧ ಇಂಚು.

ವಿಜಯನಗರದ ಕಬಾಯಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ತಿರುಮಲೆಯ ದೇವಸ್ಥಾನದಲ್ಲಿ ಕೃಷ್ಣದೇವರಾಯ ಮತ್ತು ಇಬ್ಬರು ರಾಣಿಯರ ಲೋಹದ ಮೂರ್ತಿಗಳಿವೆ. ಅಲ್ಲಿ ರಾಯನ ಮೈಮೇಲೆ ಅಂಗಿ ಇಲ್ಲ, ಪಂಚೆ ಮತ್ತು ಉದ್ದನೆಯ ಟೋಪಿ ಮಾತ್ರ. ಆದರೆ ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಚಿನ್ನದ ಗುಲಾಬಿಗಳ ಕಸೂತಿ ಇದ್ದ ಬಿಳಿ ಬಟ್ಟೆ ತೊಟ್ಟಿದ್ದ ಎಂದು ಬರೆದಿದ್ದಾನೆ. ಎರಡೂ ಸರಿಯೇ. ದೇವರ ಮುಂದೆ ಒಂದು ಉಡುಪು, ದರ್ಬಾರಿನಲ್ಲಿ ಇನ್ನೊಂದು. ಆ ದರ್ಬಾರಿನ ಉಡುಪೇ ಕಬಾಯಿ ಎಂಬ ಉದ್ದ ತೋಳಿನ ನಿಲುವಂಗಿ ಮತ್ತು ಕುಳ್ಳಾಯಿ ಎಂಬ ಎತ್ತರದ ಟೋಪಿ. ಅರಬ್ಬರ, ಪರ್ಷಿಯನ್ನರ ಉಡುಪಿನಿಂದ ಬಂದದ್ದು. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗು ಕವಿ ಶ್ರೀನಾಥ, ಕುಳ್ಳಾಯಿ ಇಟ್ಟು ದೊಡ್ಡ ಅಂಗಿ ತೊಡಬೇಕಾಯಿತಲ್ಲ ಅಂತ ಗೊಣಗಿದ ಪದ್ಯವೊಂದು ಅವನ ಹೆಸರಿನಲ್ಲಿ ಉಳಿದಿದೆ. ನಾಟಕದಲ್ಲಿ ಸನ್ನಿವೇಶ ದೇವಸ್ಥಾನದ್ದೋ ದರ್ಬಾರಿನದ್ದೋ ಎಂದು ಕೇಳಿಕೊಂಡೇ ಬಟ್ಟೆಗೆ ಕತ್ತರಿ ಹಾಕಿ.

ಕಣ್ಣಿಗೆ ಮಾದರಿ ಬೇಕಾದರೆ ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಛಾವಣಿ ಚಿತ್ರಗಳನ್ನು ನೋಡಿ. 16ನೇ ಶತಮಾನದವು. ತೆಳು ಬಿಳಿ ಅಂಗಿ, ಎತ್ತರದ ಟೋಪಿ ಇಟ್ಟ ಗಂಡಸರು ಸಾಲಾಗಿ ನಿಂತಿದ್ದಾರೆ.

ಈಗ ಪ್ಯಾಟರ್ನ್. ಇವತ್ತಿನ ಕುರ್ತಾದಲ್ಲಿ ಭುಜ ಇಳಿಜಾರಾಗಿರುತ್ತದೆ, ತೋಳು ಸೇರುವ ಆರ್ಮ್‌ಹೋಲ್ ದುಂಡಗೆ ಒಳಗೆ ಹೋಗಿರುತ್ತದೆ. ಇವೆರಡೇ ನಮ್ಮ ಗುಟ್ಟನ್ನು ರಟ್ಟು ಮಾಡುವುದು. ಪ್ಯಾಟರ್ನನ್ನು ಬ್ರೌನ್ ಶೀಟಿನ ಮೇಲಿಟ್ಟು ಭುಜದ ತುದಿಯನ್ನು ಕತ್ತಿನ ಮಟ್ಟಕ್ಕೆ ಏರಿಸಿ. ಭುಜದಿಂದ ಸುಮಾರು 1 ಇಂಚು ಹೊರಗೆ ನೇರ ಗೆರೆ ಎಳೆದು ಅಂಚಿನವರೆಗೂ ಇಳಿಸಿ. ದುಂಡು ಆರ್ಮ್‌ಹೋಲನ್ನು ಮರೆತುಬಿಡಿ. ಈಗ ಸಿಗುವುದು 20 ಇಂಚು ಅಗಲದ ಒಂದು ಪಟ್ಟಿ. ಹಿಂದೆ ಮುಂದೆ ಎರಡೂ ಸೇರಿ, ಮಡಿಕೆ ಮಾರ್ಜಿನ್ ಹಿಡಿದು 92 ಇಂಚು ಉದ್ದ. ಭುಜದಲ್ಲಿ ಹೊಲಿಗೆಯೇ ಇಲ್ಲ, ಬರೀ ಮಡಿಕೆ.

ಹೊಲಿದ ಮೇಲೆ ಪಟ್ಟಿಯ ಅಗಲ 19. ಹಿಂದೆ ಮುಂದೆ ಸೇರಿದರೆ 38. ಎದೆಗೆ 6 ಇಂಚು ಸಡಿಲ ಬೇಕು, ಅಂದರೆ 46. ಬಾಕಿ 8 ಇಂಚನ್ನು ನಾಲ್ಕು ಕಲಿ ಪೀಸುಗಳು ತುಂಬುತ್ತವೆ. ಮೇಲೆ ಕಿರಿದು, ಕೆಳಗೆ ಅಗಲ ಇರುವ ಉದ್ದ ತುಂಡುಗಳು. ಒಳಲಂಗದ ಪೀಸ್ ಕಟಿಂಗ್ ಮಾಡಿದವರಿಗೆ ಇದು ಗೊತ್ತಿರುತ್ತದೆ, ಅಲ್ವಾ? 14 ಅಗಲ, 37 ಉದ್ದದ ಆಯತ ತೆಗೆದುಕೊಳ್ಳಿ. ಮೇಲಂಚಿನಲ್ಲಿ ಎಡದಿಂದ 3 ಇಂಚಿಗೆ ಗುರುತು, ಕೆಳಂಚಿನಲ್ಲಿ ಎಡದಿಂದ 11ಕ್ಕೆ ಗುರುತು. ಎರಡನ್ನೂ ಸೇರಿಸಿ ಓರೆಯಾಗಿ ಕತ್ತರಿಸಿ. ಒಂದು ತುಂಡನ್ನು ತಲೆಕೆಳಗು ಮಾಡಿದರೆ ಎರಡೂ ಒಂದೇ ಅಳತೆ. ಚೂರೂ ದಂಡ ಇಲ್ಲ. ಇಂಥ ಎರಡು ಆಯತ ಸಾಕು. ಕೆಳಗಿನ ಸುತ್ತಳತೆ 78 ಇಂಚು ಬರುತ್ತದೆ. ಹೂವು ಬಳ್ಳಿ ಒಂದೇ ದಿಕ್ಕಿಗಿರುವ ಪ್ರಿಂಟ್ ಅಥವಾ ವೆಲ್ವೆಟ್ ಆದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ತಲೆಕೆಳಗಾದ ತುಂಡು ಬೇರೆ ಬಣ್ಣದ ಹಾಗೆ ಕಾಣುತ್ತದೆ.

ಹೊಲಿಯುವಾಗ ಕಲಿಯ ಓರೆ ಅಂಚನ್ನು ನಡು ಪಟ್ಟಿಯ ನೇರ ಅಂಚಿಗೆ ಸೇರಿಸಿ. ಓರೆಗೆ ಓರೆ ಹೊಲಿದರೆ ಪಕ್ಕದ ಹೊಲಿಗೆ ಎಳೆದುಕೊಂಡು ಜೋಲುತ್ತದೆ. ಅಂಚು ಮಡಿಚುವ ಮುಂಚೆ ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ. ಇಳಿಯುವುದೆಲ್ಲ ಇಳಿದ ಮೇಲೆ ಸಮ ಮಾಡಿ.

ತೋಳು ಕೂಡ ನೇರ ಆಯತವೇ: 19 ಅಗಲ, 23 ಉದ್ದ. ಇದನ್ನು ಹೀಗೇ ಹಚ್ಚಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೆ ಬರುತ್ತದೆ. ಕತ್ತಿವರಸೆ ಇದ್ದರಂತೂ ಕಥೆ ಮುಗೀತು. ಅದಕ್ಕೇ ಕಂಕುಳಿಗೆ 5 ಇಂಚಿನ ಚೌಕ ಬೇಕು. ಚೌಕದ ಎರಡು ಅಂಚು ತೋಳಿಗೆ, ಎರಡು ಅಂಚು ಕಲಿಗಳಿಗೆ. ಮೂಲೆಗೆ ಅರ್ಧ ಇಂಚು ಇರುವಾಗಲೇ ಹೊಲಿಗೆ ನಿಲ್ಲಿಸಿ, ನೂಲು ಗಂಟು ಹಾಕಿ, ಬಟ್ಟೆ ತಿರುಗಿಸಿ ಹೊಸದಾಗಿ ಶುರು ಮಾಡಿ. ಮೂಲೆ ದಾಟಿ ಹೊಲಿದರೆ ಅಲ್ಲೊಂದು ಸುಕ್ಕು ಕೂತುಬಿಡುತ್ತದೆ. ಇಸ್ತ್ರಿಗೂ ಅದು ಬಗ್ಗುವುದಿಲ್ಲ. ಮೊದಲ ಸಲ ಮಾಡುವವರು ಕೋರಾ ಬಟ್ಟೆಯಲ್ಲಿ ಒಂದು ಕಂಕುಳನ್ನಷ್ಟೇ ಹೊಲಿದು ನೋಡಿ.

44 ಇಂಚು ಅಗಲದ ಮಲ್‌ಮಲ್ 3 ಮೀಟರಿನಲ್ಲಿ ಇಷ್ಟೂ ಆಗುತ್ತದೆ. ತೊಳೆದಾಗ ಕುಗ್ಗುವುದನ್ನು ಹಿಡಿದು ಮೂರೂಕಾಲು ತನ್ನಿ. ಕುಳ್ಳಾಯಿಗೆ ತಲೆ ಸುತ್ತಳತೆಯನ್ನು ನಾಲ್ಕು ಭಾಗ ಮಾಡಿ. 22 ಇಂಚು ತಲೆಗೆ ಬುಡದಲ್ಲಿ 5½ ಮತ್ತು ಮಾರ್ಜಿನ್, ಎತ್ತರ 13, ತುದಿಗೆ ಬಾಗುತ್ತಾ ಹೋಗುವ ನಾಲ್ಕು ಎಸಳು. ಒಳಗೆ ಬಕ್ರಂ ಎಂಬ ಗಟ್ಟಿ ಬಟ್ಟೆ.

ಜಾಮಾ

ಜಾಮಾ ಅಂದರೆ ಎದೆಯ ಮೇಲೆ ಪದರದ ಮೇಲೆ ಪದರ ಬಂದು ಕಂಕುಳ ಬಳಿ ಲಾಡಿ ಕಟ್ಟುವ ನಿಲುವಂಗಿ. ಮೊಘಲರ ಮತ್ತು ದಖನಿನ ಆಸ್ಥಾನಗಳ ಈ ಜಾಮಾಕ್ಕೂ ಇದೇ ಪಟ್ಟಿ, ಇದೇ ಕಂಕುಳ ಚೌಕ. ಬದಲಾಗುವುದು ಸೊಂಟ ಮತ್ತು ಎದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ (ಆಳ್ವಿಕೆ 1580–1627) ಚಿತ್ರಗಳಲ್ಲಿ ಒಳಗಿನ ಪೈಜಾಮಾ ಕಾಣುವಷ್ಟು ತೆಳು ಜಾಮಾ ಇದೆ. ಮೇಲೆ ಮೈಗೆ ಹತ್ತಿದ ಹಾಗೆ, ಸೊಂಟದಿಂದ ಕೆಳಗೆ ಧಾರಾಳ ಘೇರ್.

ಪ್ಯಾಟರ್ನನ್ನು ಸೊಂಟದಲ್ಲಿ ಕತ್ತರಿಸಿ. ಹಿಂಭಾಗ ಹಾಗೇ ಇರಲಿ. ಮುಂಭಾಗವನ್ನು ಮಡಿಕೆ ಬಿಚ್ಚಿ ಪೂರ್ತಿ ಅಗಲಕ್ಕೆ ತೆಗೆದುಕೊಳ್ಳಿ. ಎಡ ಭುಜದ ಕತ್ತಿನ ಬಿಂದುವಿನಿಂದ ಬಲ ಕಂಕುಳಿನ 2 ಇಂಚು ಕೆಳಗಿನವರೆಗೆ ಸ್ವಲ್ಪ ಬಾಗಿದ ಓರೆ ಗೆರೆ ಎಳೆದು, ಮೇಲಿನದನ್ನು ತೆಗೆದುಹಾಕಿ. ಇದು ಮೇಲಿನ ಪದರ. ಇದರ ಕನ್ನಡಿ ಬಿಂಬ ಒಳ ಪದರ. ಓರೆ ಅಂಚು ಹಿಗ್ಗುತ್ತದೆ, ಅದಕ್ಕೆ ನೇರ ಎಳೆಯ ಪಟ್ಟಿ ಕೊಡಲೇಬೇಕು. ಕೆಳಗಿನ ಘೇರಿಗೆ 18 ಅಗಲ, 33 ಉದ್ದದ ಆರು ಆಯತಗಳನ್ನು 5 ಮತ್ತು 13ಕ್ಕೆ ಓರೆಯಾಗಿ ಕತ್ತರಿಸಿದರೆ ಹನ್ನೆರಡು ಕಲಿ. ಸೊಂಟಕ್ಕೆ 48, ಅಂಚಿಗೆ 144. ಸೊಂಟ ಜಾಸ್ತಿ ಬಂತು ಅನ್ನಬೇಡಿ, ಪದರದ ಮೇಲೆ ಪದರ ಬರಬೇಕಲ್ಲ. ತೋಳನ್ನು ಮೊಣಕೈ ಕೆಳಗೆ ಬಿಗಿ ಮಾಡಿ, ಉದ್ದ 8 ಇಂಚು ಜಾಸ್ತಿ ಬಿಡಿ. ಮುಂಗೈಯಲ್ಲಿ ಬಳೆ ಬಳೆಯಾಗಿ ಮಡಿಕೆ ಕೂರಬೇಕು.

ಲಾಡಿ ಯಾವ ಕಡೆ ಅನ್ನುವುದು ಸಣ್ಣ ವಿಷಯ ಅಲ್ಲ. ಮೊಘಲ್ ಕಾಲದಲ್ಲಿ ಮುಸ್ಲಿಮರು ಬಲ ಕಂಕುಳಲ್ಲಿ, ಹಿಂದೂಗಳು ಎಡ ಕಂಕುಳಲ್ಲಿ ಕಟ್ಟುವುದು ವಾಡಿಕೆ. ಪೇಪರ್ ಮಗುಚಿ ಇಟ್ಟು ಕತ್ತರಿಸಿದರೆ ಎಡ ಬಲ ಅದಲು ಬದಲು. ಹಾಗಾಗಿ ಪ್ಯಾಟರ್ನಿನ ಮೇಲೆ ‘ಈ ಮುಖ ಮೇಲೆ’, ‘ಲಾಡಿ ಬಲಕ್ಕೆ’ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ.

18ನೇ ಶತಮಾನಕ್ಕೆ ಬಂದರೆ ಸೊಂಟದ ಗೆರೆ ಮೇಲೇರುತ್ತದೆ. ಹೈದರ್, ಟಿಪ್ಪು ಕಾಲದ ಪಾತ್ರಗಳಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆ ಚಿತ್ರಗಳು ಹತ್ತಿರದ ಮಾದರಿ. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿದೆ. ಆದರೆ ಅವುಗಳಿಗೆ ಆಮೇಲೆ ಮತ್ತೆ ಮತ್ತೆ ಬಣ್ಣ ಹಚ್ಚಿದ್ದಾರೆ. ಆಕಾರಕ್ಕೆ ಅವನ್ನು ನಂಬಿ, ಬಣ್ಣದ ಛಾಯೆಗೆ ಅಷ್ಟಾಗಿ ಬೇಡ.

ಎಲ್ಲಿ ಈ ಪ್ಯಾಟರ್ನ್ ಕೈಕೊಡುತ್ತದೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ದರ್ಬಾರ್ ಕೋಟಿಗೆ ಈ ನೇರ ಪಟ್ಟಿ ಬೇಡ. ಅಷ್ಟೊತ್ತಿಗೆ ಇಂಗ್ಲಿಷ್ ದರ್ಜಿಗಳ ಕಟಿಂಗ್ ಬಂದಾಗಿತ್ತು. ಮುಂದೆ ಗುಂಡಿ ಸಾಲು, ನಿಂತ ಕಾಲರ್, ಭುಜಕ್ಕೆ ಸರಿಯಾಗಿ ಕೂತ ತೋಳು. ನೇರ ತೋಳು ಕಂಕುಳಲ್ಲಿ ಗುಪ್ಪೆಯಾಗುತ್ತದೆ. ಜಾಮಾದಲ್ಲಿ ಅದು ಚೆಂದ, ಕೋಟಿನಲ್ಲಿ ತಪ್ಪು. ಇಲ್ಲಿ ನಿಮ್ಮ ಶರ್ಟ್ ಪ್ಯಾಟರ್ನನ್ನೇ ಹಿಡಿದು ಎದೆಗೆ ಸಡಿಲ ಕೊಟ್ಟು, ಮೊಣಕಾಲವರೆಗೆ ಉದ್ದ ಮಾಡಿ, ಕ್ಯಾನ್ವಾಸ್ ಹಾಕುವುದು ವಾಸಿ. ದುಂಡು ಆರ್ಮ್‌ಹೋಲ್ ಇಲ್ಲಿ ಬೇಕೇ ಬೇಕು.

ರಂಗದ ಮೇಲೆ ಬೇಗ ಬೇಗ ವೇಷ ಬದಲಿಸುವವರಿಗೆ ಇನ್ನೊಂದು ಮಾತು. ಜಾಮಾದ ಲಾಡಿಗಳನ್ನು ಮೊದಲೇ ಚೆನ್ನಾಗಿ ಗಂಟು ಕಟ್ಟಿ ಮೇಲಿನ ಪದರಕ್ಕೆ ಹೊಲಿದುಬಿಡಿ, ಅದರ ಅಡಿಯಲ್ಲಿ ಎರಡು ದೊಡ್ಡ ಪ್ರೆಸ್ ಬಟನ್ ಹಾಕಿ. ಪಕ್ಕದ ಹೊಲಿಗೆಗೆ ಅರ್ಧ ಇಂಚಿನ ಬದಲು ಒಂದು ಇಂಚು ಮಾರ್ಜಿನ್ ಬಿಟ್ಟರೆ ಮುಂದಿನ ಪ್ರದರ್ಶನಕ್ಕೆ ಬೇರೆ ನಟ ಬಂದರೂ ಅದೇ ಉಡುಪನ್ನು ಬಿಚ್ಚಿ ಹೊಂದಿಸಬಹುದು. ಕಟಿಂಗ್ ಶುರು ಮಾಡುವ ಮುಂಚೆಯೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಮಾರ್ಜಿನ್ ಬದಲಾದರೆ ಮೇಲೆ ಕೊಟ್ಟ ಕಲಿ ಪೀಸಿನ ಅಳತೆಯೂ ಬದಲಾಗುತ್ತದೆ.