ಫಲಾನುಭವಿ: ಸಬ್ಸಿಡಿ ಯಾರ ಹೆಸರಿಗೆ, ಯಾರ ಕೈಗೆ

ಫಲಾನುಭವಿ ಎಂದರೆ ಫಲ ಉಣ್ಣುವವ. ಕೃಷಿ ಇಲಾಖೆಯ ಕಡತದಲ್ಲಿ ಈ ಪದದ ಅರ್ಥ ಬಹಳ ಕಿರಿದು: ಪಹಣಿಯಲ್ಲಿ ಹೆಸರಿರಬೇಕು, ಆ ಹೆಸರು ಆಧಾರ್‌ಗೆ ಹೊಂದಬೇಕು, ಸರ್ಕಾರದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಆಗಿರಬೇಕು. ಇಂಡಿ ತಾಲ್ಲೂಕಿನ ಲಿಂಬೆ ತೋಟಕ್ಕೆ ನೀರು ಹಾಯಿಸುವವರು ಯಾರು, ಜಮಖಂಡಿಯಲ್ಲಿ ಕಬ್ಬಿಗೆ ಗೊಬ್ಬರ ಹಾಕುವವರು ಯಾರು ಎಂದು ಕಡತ ಕೇಳುವುದಿಲ್ಲ.

ಆದ್ದರಿಂದ ಅರ್ಜಿಗಿಂತ ಮೊದಲು ಉತಾರ (ಪಹಣಿ) ತೆಗೆಸಿ ಓದಬೇಕು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಬ್ಯಾಂಕು, ಸೊಸೈಟಿ ಸಾಲದ ಬೋಜಾ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಕೆಲಸ ಕೆಡುವುದು ಹೆಚ್ಚಾಗಿ 9ರಲ್ಲೇ. ಉತಾರದಲ್ಲಿ ‘ಬಸಪ್ಪ’, ಆಧಾರ್‌ನಲ್ಲಿ ‘ಬಸವರಾಜ’ ಎಂದಿದ್ದರೆ ತಂತ್ರಾಂಶಕ್ಕೆ ಅವರು ಇಬ್ಬರು ಬೇರೆ ಮನುಷ್ಯರು. ತಂದೆ ತೀರಿಹೋಗಿ ವರ್ಷಗಳಾದರೂ ವಾರಸಾ ಹಚ್ಚದ (ಉತಾರವನ್ನು ವಾರಸುದಾರರ ಹೆಸರಿಗೆ ಮಾಡಿಸದ) ಮನೆಗಳು ಪ್ರತಿ ಊರಿನಲ್ಲೂ ಇವೆ. ಅಲ್ಲಿ ದುಡಿಯುವ ಮಗ ಕಾಗದದಲ್ಲಿ ರೈತನೇ ಅಲ್ಲ. ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ನಾಡಕಚೇರಿಗೆ ಹೋಗಿ ಅದನ್ನು ಮೊದಲು ಮುಗಿಸಿಕೊಳ್ಳಿ.

ಎಫ್‌ಐಡಿ ಆಗುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ ಬೇಕು. ಬೇರೆ ಊರಲ್ಲಿ ಹೊಲವಿದ್ದರೆ ಆ ಸರ್ವೆ ನಂಬರನ್ನೂ ಸೇರಿಸಿ. 1 ಹೆಕ್ಟೇರ್‌ವರೆಗೆ ಅತಿಸಣ್ಣ ರೈತ, 2ರವರೆಗೆ ಸಣ್ಣ ರೈತ. ಹನಿ ನೀರಾವರಿಗೆ ಕೇಂದ್ರದ ಮಾರ್ಗಸೂಚಿ ಇವರಿಗೆ ಶೇ 55, ಉಳಿದವರಿಗೆ ಶೇ 45 ಸಹಾಯಧನ ಹೇಳುತ್ತದೆ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಕಾರ್ಯಾದೇಶ ಕೈಗೆ ಬರುವ ಮುನ್ನ ಪೈಪು ಹಾಸಬೇಡಿ.

ಪಿಎಂ ಕಿಸಾನ್‌ ಲೆಕ್ಕವೇ ಬೇರೆ. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ. ಆದಾಯ ತೆರಿಗೆ ಕಟ್ಟಿದವರಿಗೆ ಇಲ್ಲ. ಕಂತು ಬಂದಿಲ್ಲ ಎಂದು ಕೊರಗುವ ಎಷ್ಟೋ ಜನರ ಹಣ ವಾಸ್ತವದಲ್ಲಿ ಬೇರೆ ಖಾತೆಗೆ ಬಿದ್ದಿರುತ್ತದೆ. ಆಧಾರ್ ಮೂಲಕ ಬರುವ ಹಣ ಕೊಟ್ಟ ಪಾಸ್‌ಬುಕ್ ನೋಡುವುದಿಲ್ಲ, ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮರೆತುಬಿಟ್ಟ ಜನಧನ್ ಖಾತೆಯನ್ನು ಒಮ್ಮೆ ನೋಡಿ.

ಬೆಳೆ ವಿಮೆಯ ಕಂತೂ ಒಂದು ಬಗೆಯ ಸಬ್ಸಿಡಿಯೇ. ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳಿಗೆ ರೈತರು ಕಟ್ಟುವುದು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ಉಳಿದದ್ದು ಸರ್ಕಾರಗಳದು. ವಿಮೆ ತೊಗರಿಗೆ ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಅದೇ ಹೊಲಕ್ಕೆ ಸಜ್ಜೆ ಎಂದು ದಾಖಲಾಗಿದ್ದರೆ ಪರಿಹಾರಕ್ಕೆ ತಕರಾರು ಖಂಡಿತ.

ಇಷ್ಟರಲ್ಲೂ ಹೊರಗೆ ಉಳಿಯುವವರು ಲಾವಣಿಗೆ (ಗೇಣಿಗೆ), ಪಾಲಿಗೆ ಹೊಲ ಮಾಡುವವರು. ಇದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನು ನಿಷೇಧಿಸಿತು. ಉಳುವವರ ಹಿತಕ್ಕೆ ಬಂದ ಆ ಕಾನೂನಿನಿಂದಲೇ ಇಂದು ಮಾಲೀಕರು ಲಾವಣಿಯನ್ನು ಬರೆದುಕೊಡಲು ಅಂಜುತ್ತಾರೆ. ಕಾಗದವಿಲ್ಲದೆ ಎಫ್‌ಐಡಿ ಇಲ್ಲ. ಬೀಜ, ಎತ್ತಿನ ಬಾಡಿಗೆ, ಕಳೆಯ ಕೂಲಿ ಲಾವಣಿ ಮಾಡಿದವರದು. ಸಹಾಯಧನ ವಿಜಯಪುರದಲ್ಲೋ ಪುಣೆಯಲ್ಲೋ ಇರುವ ಮಾಲೀಕರದು. ಲಾವಣಿ ಮಾಡಿದವರಿಗೆ ನೇರವಾಗಿ ಮುಟ್ಟುವ ಸಬ್ಸಿಡಿ ರಸಗೊಬ್ಬರದ್ದು ಒಂದೇ ಎನ್ನಬಹುದು: ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಉಳಿದ ಬೆಲೆಯನ್ನು ಕೇಂದ್ರ ಸರ್ಕಾರ ಗೊಬ್ಬರ ಕಂಪನಿಗೆ ಕೊಡುತ್ತದೆ.